ದವಡೆಯ ಕೀಲುನೋವು: ಎಂ.ಆರ್.ಐ. ಪರೀಕ್ಷೆ ಯಾರಿಗೆ, ಯಾವಾಗ?

ಪ್ರಸಾದವನ್ನು ಸ್ವೀಕರಿಸುವುದಕ್ಕೂ, ಮಂತ್ರವನ್ನು ಉಚ್ಚರಿಸುವುದಕ್ಕೂ, ಮನೆಗೆ ಬಂದವರನ್ನು ಬಾಯ್ತುಂಬ ಮಾತನಾಡಿಸುವುದಕ್ಕೂ ಕಿವಿಯ ಮುಂಭಾಗದಲ್ಲಿರುವ ಒಂದು ಸಣ್ಣ ಕೀಲು ನೆಟ್ಟಗಿರಬೇಕು. ಮೊಣಕಾಲು ನೊಂದರೆ ಕೋಲು ಹಿಡಿಯುತ್ತೇವೆ, ಸೊಂಟ ನೊಂದರೆ ಮಲಗುತ್ತೇವೆ. ದವಡೆಯ ಕೀಲಿಗೆ ಅಂಥ ಪೂರ್ಣ ವಿಶ್ರಾಂತಿ ಕೊಡಲು ಬಾರದು. ಹೀಗಿದ್ದರೂ ಅದರ ನೋವನ್ನು ಹಲ್ಲುನೋವೆಂದೋ ಕಿವಿನೋವೆಂದೋ ಭಾವಿಸಿ ತಿಂಗಳುಗಟ್ಟಲೆ ಕಳೆಯುವವರೇ ಹೆಚ್ಚು.

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ರೋಗಿಗಳನ್ನು ಬಹುಕಾಲದಿಂದ ನೋಡುತ್ತ ಬಂದಿರುವ ನಮ್ಮಲ್ಲಿಗೆ ಈಚಿನ ವರ್ಷಗಳಲ್ಲಿ ಹೊಸ ಬಗೆಯ ಚೀಟಿಯೊಂದು ಬರತೊಡಗಿದೆ. ದಂತವೈದ್ಯರೋ ಸಂಧಿವಾತ ತಜ್ಞರೋ ಬರೆದುಕೊಟ್ಟ ಆ ಚೀಟಿಯಲ್ಲಿ ‘ದವಡೆಯ ಕೀಲಿನ ಎಂ.ಆರ್.ಐ., ಕಾಂಟ್ರಾಸ್ಟ್ ಸಹಿತ’ ಎಂದಿರುತ್ತದೆ. ಅದನ್ನು ಮೇಜಿನ ಮೇಲಿಟ್ಟು ರೋಗಿಗಳು ಕೇಳುವ ಪ್ರಶ್ನೆಗಳು ಎರಡು. ಈ ಪರೀಕ್ಷೆ ನಿಜವಾಗಿಯೂ ಬೇಕೆ? ಅದರ ಸೂಜಿಮದ್ದು ದೇಹಕ್ಕೆ ಹಾನಿಯಲ್ಲವೆ?

ನಮ್ಮ ಕರಾವಳಿಯಲ್ಲಿ ಈ ಪ್ರಶ್ನೆಗಳಿಗೆ ವಿಶೇಷ ತೂಕವಿದೆ. ಇಂಥ ವಿಶೇಷ ಪರೀಕ್ಷೆಗೂ ಅದನ್ನು ಓದಬಲ್ಲ ತಜ್ಞರಿಗೂ ಇಲ್ಲಿಯ ಜನರು ಸಾಮಾನ್ಯವಾಗಿ ಮಣಿಪಾಲ, ಮಂಗಳೂರು ಅಥವಾ ಹುಬ್ಬಳ್ಳಿಯ ದಾರಿ ಹಿಡಿಯಬೇಕು. ಭಟ್ಕಳದಿಂದ ಮಣಿಪಾಲಕ್ಕೆ ಸುಮಾರು 90 ಕಿಲೋಮೀಟರ್. ಕುಮಟಾದಿಂದ 150ರ ಆಸುಪಾಸು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರಿನ ಟೋಲ್ ಗೇಟಿನ ಬಳಿ ಅಪಘಾತಕ್ಕೀಡಾಗಿ ನಾಲ್ವರು ಅಸುನೀಗಿದ ದುರಂತವನ್ನು ಈ ಭಾಗದವರು ಮರೆತಿಲ್ಲ. ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಆ ಬಳಿಕ ಮನೆಮನೆಯ ಮಾತಾಯಿತು. ಒಂದು ದಿನದ ದುಡಿಮೆಯನ್ನು ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು ಅಷ್ಟು ದೂರ ಹೋಗುವವರಿಗೆ ಆ ಪ್ರಯಾಣವು ಅಗತ್ಯವೋ ಅಲ್ಲವೋ ಎಂಬುದನ್ನು ತಿಳಿಸುವುದು ವೈದ್ಯನ ಕರ್ತವ್ಯ. ಆ ಉದ್ದೇಶದಿಂದಲೇ ಈ ಲೇಖನವನ್ನು ಬರೆಯುತ್ತಿದ್ದೇವೆ.

ಕೀಲಿನ ರಚನೆ

ಕಿವಿಯ ರಂಧ್ರದ ಮುಂದೆ ಬೆರಳಿಟ್ಟು ಬಾಯಿ ತೆರೆದರೆ ಅಲ್ಲಿ ಏನೋ ಮುಂದಕ್ಕೆ ಸರಿಯುವುದು ತಿಳಿಯುತ್ತದೆ. ಅದು ಕೆಳದವಡೆಯ ಎಲುಬಿನ ತಲೆ. ಅದು ಕಪಾಲದ ಎಲುಬಿನ ತಗ್ಗಿನಲ್ಲಿ ಕುಳಿತಿದೆ. ಇವೆರಡರ ನಡುವೆ ಮೆತ್ತೆಯಂತೆ ಒಂದು ತೆಳುವಾದ ತಟ್ಟೆಯಿದೆ. ಬಾಯಿ ತೆರೆಯುವಾಗ ದವಡೆಯ ತಲೆಯು ಮೊದಲು ತಿರುಗಿ, ಅನಂತರ ತಟ್ಟೆಯೊಡನೆ ಮುಂದಕ್ಕೆ ಜಾರುತ್ತದೆ. ಬಾಗಿಲಿನ ತಿರುಗುಣಿಯ ಕೆಲಸವನ್ನೂ ಜಾರುಬಾಗಿಲಿನ ಕೆಲಸವನ್ನೂ ಒಂದೇ ಕೀಲು ಮಾಡುತ್ತದೆ. ಎಡಬಲದ ಎರಡು ಕೀಲುಗಳು ಒಂದೇ ಎಲುಬಿನ ಎರಡು ತುದಿಗಳಾದುದರಿಂದ ಒಂದು ಕೆಟ್ಟರೆ ಇನ್ನೊಂದಕ್ಕೂ ಹೊರೆ ತಪ್ಪದು.

ಆಯುರ್ವೇದವು ಇದನ್ನು ಹನುಸಂಧಿ ಎಂದು ಕರೆದಿದೆ. ನಾಲಿಗೆಯನ್ನು ಅತಿಯಾಗಿ ಕೆರೆಯುವುದು, ಒಣಗಿದ ಗಟ್ಟಿ ಪದಾರ್ಥಗಳನ್ನು ತಿನ್ನುವುದು, ಪೆಟ್ಟು ಬೀಳುವುದು — ಇವುಗಳಿಂದ ಹನುಮೂಲದ ವಾತವು ಕೆರಳಿ ಬಾಯಿ ತೆರೆದೇ ಉಳಿಯುವುದು ಅಥವಾ ಮುಚ್ಚಿಯೇ ಉಳಿಯುವುದು ಎಂದು ವಾಗ್ಭಟನು ಅಷ್ಟಾಂಗಹೃದಯದ ನಿದಾನಸ್ಥಾನದಲ್ಲಿ ಹೇಳಿದ್ದಾನೆ. ತೆರೆದ ಬಾಯಿ ಮುಚ್ಚದಿದ್ದಾಗ ಮೊದಲು ಬೆವರಿಸಿ, ಹೆಬ್ಬೆರಳುಗಳಿಂದ ದವಡೆಯನ್ನು ಒತ್ತಿ, ತೋರುಬೆರಳುಗಳಿಂದ ಗದ್ದವನ್ನು ಮೇಲೆತ್ತಬೇಕೆಂಬ ವಿಧಾನ ಚರಕಸಂಹಿತೆಯ ಚಿಕಿತ್ಸಾಸ್ಥಾನದ 28ನೆಯ ಅಧ್ಯಾಯದಲ್ಲಿದೆ. ಸುಶ್ರುತನು ಕೀಲನ್ನು ಸ್ವಸ್ಥಾನಕ್ಕೆ ಕೂರಿಸಿದ ಮೇಲೆ ಪಂಚಾಂಗೀ ಎಂಬ ಕಟ್ಟನ್ನು ಕಟ್ಟಲು ಹೇಳಿದ್ದಾನೆ. ಇಂದಿಗೂ ಜಾರಿದ ದವಡೆಯನ್ನು ವೈದ್ಯರು ಕೂರಿಸುವುದು ಹೆಚ್ಚುಕಡಿಮೆ ಹೀಗೆಯೇ. ಆದರೆ ಚರ್ಮದ ಒಳಗಿನ ಕೀಲುಪೊರೆ ಉರಿಯುತ್ತಿದೆಯೇ ಎಂಬುದನ್ನು ಕಾಣುವ ಸಾಧನವು ಆ ಮಹನೀಯರಿಗೆ ಇರಲಿಲ್ಲ. ನಮಗೆ ಇದೆ. ಇದ್ದುದನ್ನು ಬಳಸದಿರುವುದು ಶಾಸ್ತ್ರನಿಷ್ಠೆಯಲ್ಲ.

ಮೊದಲು ಬಾಯಿಯೊಳಗೆ ನೋಡಬೇಕು

ಬಾಯಿ ಸರಿಯಾಗಿ ತೆರೆಯದಿದ್ದರೆ ದೋಷವು ಕೀಲಿನದ್ದೇ ಆಗಬೇಕೆಂದಿಲ್ಲ. ಸಾಮಾನ್ಯವಾಗಿ ವಯಸ್ಕರು ತಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಮುಂಭಾಗದ ಹಲ್ಲುಗಳ ನಡುವೆ ತೂರಿಸಬಲ್ಲರು. ಎರಡೇ ಬೆರಳು ಹಿಡಿಸುವಂತಾದರೆ ಕಾರಣವನ್ನು ಹುಡುಕಲೇಬೇಕು. ಸೊಟ್ಟಗೆ ಮೂಡುತ್ತಿರುವ ಅಕ್ಕಲುಹಲ್ಲು, ಹಲ್ಲಿನ ಕೀವು, ಗದ್ದಕ್ಕೆ ಬಿದ್ದ ಹಳೆಯ ಪೆಟ್ಟು, ಧನುರ್ವಾಯು ಇವೆಲ್ಲ ಕಾರಣಗಳಾಗಬಹುದು.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಕಾರಣವನ್ನು ಹೇಳದೆ ವಿಧಿಯಿಲ್ಲ. ಅಡಿಕೆ ನಮಗೆ ಅನ್ನ ಕೊಡುವ ಬೆಳೆ. ಶುಭಕಾರ್ಯಗಳಲ್ಲಿ ಅದಕ್ಕೆ ಗೌರವದ ಸ್ಥಾನವಿದೆ. ಆದರೆ ಅದನ್ನು ದಿನವೂ ಜಗಿಯುವವರಲ್ಲಿ ಕೆನ್ನೆಯ ಒಳಪೊರೆಯು ಬಿಳಿಚಿ, ನಾರುಗಟ್ಟಿ, ಬಾಯಿ ಕ್ರಮೇಣ ಕಿರಿದಾಗುವ ರೋಗ ಬರುತ್ತದೆ. ಇದಕ್ಕೆ ವೈದ್ಯರು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಇದು ಮುಂದೆ ಕ್ಯಾನ್ಸರಿಗೆ ತಿರುಗಬಹುದಾದ ಸ್ಥಿತಿ. ತಂಬಾಕು ಸೇರದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಸ್ಪಷ್ಟಪಡಿಸಿದೆ. ಖಾರ ತಾಗಿದರೆ ಬಾಯುರಿ, ಕೆನ್ನೆಯಲ್ಲಿ ಹುರಿಯಂಥ ಗಟ್ಟಿ ಪಟ್ಟಿ, ಸೀಟಿ ಹೊಡೆಯಲು ಬಾರದಿರುವುದು ಇವು ಅದರ ಗುರುತುಗಳು. ಇಂಥವರಿಗೆ ಕೀಲಿನ ಸ್ಕ್ಯಾನಿನಿಂದ ಪ್ರಯೋಜನವಿಲ್ಲ. ಅವರು ಹೋಗಬೇಕಾದದ್ದು ದಂತವೈದ್ಯರ ಬಳಿಗೆ, ಬಿಡಬೇಕಾದದ್ದು ಜಗಿಯುವ ಅಭ್ಯಾಸವನ್ನು.

ಯಂತ್ರವು ಕಾಣುವುದೇನು?

ಕ್ಷ-ಕಿರಣವು ಎಲುಬನ್ನು ತೋರಿಸುತ್ತದೆ. ಮುರಿದ ಅಥವಾ ಬೆಸೆದುಕೊಂಡ ಎಲುಬನ್ನು ಸಿ.ಟಿ. ಸ್ಕ್ಯಾನ್ ಇನ್ನೂ ಚೆನ್ನಾಗಿ ತೋರಿಸುತ್ತದೆ. ತಟ್ಟೆ, ಕೀಲುಪೊರೆ, ಕೀಲಿನ ನೀರು, ಸ್ನಾಯು ಮೊದಲಾದ ಮೃದುಭಾಗಗಳನ್ನು ಕಾಣಲು ಎಂ.ಆರ್.ಐ. ಬೇಕು. ಇದರಲ್ಲಿ ಕ್ಷ-ಕಿರಣವಿಲ್ಲ. ಬಲವಾದ ಅಯಸ್ಕಾಂತವು ದೇಹದ ನೀರಿನಲ್ಲಿರುವ ಜಲಜನಕದ ಕಣಗಳನ್ನು ಒಂದು ಕ್ರಮದಲ್ಲಿ ನಿಲ್ಲಿಸುತ್ತದೆ. ರೇಡಿಯೋ ತರಂಗವು ಅವನ್ನು ಕದಲಿಸುತ್ತದೆ. ಅವು ಮರಳಿ ಸ್ವಸ್ಥಿತಿಗೆ ಬರುವಾಗ ಹೊಮ್ಮುವ ಸಂಕೇತಗಳಿಂದ ಗಣಕವು ಚಿತ್ರವನ್ನು ಕಟ್ಟುತ್ತದೆ. ಈ ವಿದ್ಯೆಗಾಗಿ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ದವಡೆಯ ಪರೀಕ್ಷೆಯಲ್ಲಿ ಬಾಯಿ ಮುಚ್ಚಿದಾಗ ಒಮ್ಮೆ, ತೆರೆದಾಗ ಒಮ್ಮೆ ಚಿತ್ರ ತೆಗೆಯುತ್ತಾರೆ. ತಟ್ಟೆಯು ಎಲ್ಲಿದೆ, ಬಾಯಿ ತೆರೆದಾಗ ತನ್ನ ಸ್ಥಾನಕ್ಕೆ ಮರಳುತ್ತದೆಯೇ ಎಂಬುದು ಅದರಿಂದ ತಿಳಿಯುತ್ತದೆ. ಇಷ್ಟನ್ನು ತಿಳಿಯಲು ಸೂಜಿಮದ್ದು ಬೇಕಾಗಿಲ್ಲ.

ಕಾಂಟ್ರಾಸ್ಟ್ ಎಂಬ ಸೂಜಿಮದ್ದು ಬೇಕಾಗುವುದು ಕೀಲುಪೊರೆಯ ಉರಿಯೂತವನ್ನು ಗುರುತಿಸಲು. ಇದರಲ್ಲಿರುವುದು ಗ್ಯಾಡೋಲಿನಿಯಂ ಎಂಬ ಲೋಹ. ಉರಿಯೂತವಿರುವ ಪೊರೆಯಲ್ಲಿ ರಕ್ತದ ಹರಿವು ಹೆಚ್ಚು. ಸೂಕ್ಷ್ಮ ರಕ್ತನಾಳಗಳ ಗೋಡೆಯೂ ಸಡಿಲ. ರಕ್ತನಾಳಕ್ಕೆ ಕೊಟ್ಟ ಮದ್ದು ಅಲ್ಲಿ ಸೋರಿ ನಿಂತು, ಆ ಭಾಗವನ್ನು ಚಿತ್ರದಲ್ಲಿ ಬೆಳ್ಳಗೆ ಹೊಳೆಯಿಸುತ್ತದೆ. ಕೆಲವು ನಿಮಿಷಗಳ ಬಳಿಕ ಅದು ಕೀಲಿನ ನೀರಿಗೂ ಇಳಿಯುವುದರಿಂದ ಪೊರೆ ಯಾವುದು, ನೀರು ಯಾವುದೆಂಬ ಭೇದ ಮಸುಕಾಗುತ್ತದೆ. ಆದುದರಿಂದ ಮದ್ದು ಕೊಟ್ಟ ಕೂಡಲೇ ಚಿತ್ರ ತೆಗೆಯಬೇಕು. ಆ ಹೊತ್ತಿನಲ್ಲಿ ರೋಗಿಯು ಅಲುಗಾಡಿದರೆ ಇಡೀ ಶ್ರಮ ವ್ಯರ್ಥ.

ಯಾರಿಗೆ ಬೇಡ, ಯಾರಿಗೆ ಬೇಕು?

ಬಾಯಿ ತೆರೆಯುವಾಗ ‘ಟಿಕ್’ ಎಂಬ ಸದ್ದು ಬರುತ್ತದೆ, ನೋವಿಲ್ಲ, ಊಟಕ್ಕೆ ಅಡ್ಡಿಯಿಲ್ಲ ಎನ್ನುವವರಿಗೆ ಯಾವ ಸ್ಕ್ಯಾನೂ ಬೇಡ. ಯಾವ ತೊಂದರೆಯೂ ಇಲ್ಲದ ಆರೋಗ್ಯವಂತರನ್ನು ಪರೀಕ್ಷಿಸಿದಾಗಲೂ ಸುಮಾರು ಮೂರರಲ್ಲಿ ಒಬ್ಬರಲ್ಲಿ ತಟ್ಟೆಯು ಸ್ಥಾನ ಬಿಟ್ಟಿರುವುದು ಕಂಡುಬಂದಿದೆ. ಚಿತ್ರದಲ್ಲಿ ಕಂಡುದೆಲ್ಲ ರೋಗವಲ್ಲ. ಹಲ್ಲು ಕಡಿಯುವ ಅಭ್ಯಾಸದಿಂದಲೋ ಮನದ ಒತ್ತಡದಿಂದಲೋ ಬಂದ ಸ್ನಾಯುನೋವಿನವರು ಕೆಲವು ವಾರ ಮೆತ್ತಗಿನ ಆಹಾರ, ಬಿಸಿ ಬಟ್ಟೆಯ ಶಾಖ, ಆಕಳಿಸುವಾಗ ಗದ್ದಕ್ಕೆ ಕೈಯಾಸರೆ, ಕ್ಷೀರಬಲಾ ತೈಲದಂಥ ಎಣ್ಣೆಯ ಮೃದುವಾದ ಅಭ್ಯಂಗ ಇವುಗಳಲ್ಲಿಯೇ ಬಹುಮಟ್ಟಿಗೆ ಸುಧಾರಿಸುತ್ತಾರೆ. ಆರಾಮವಾಗದೆ ಬಾಯಿ ಸಿಕ್ಕಿಹಾಕಿಕೊಳ್ಳುತ್ತಿದ್ದರೆ, ಶಸ್ತ್ರಚಿಕಿತ್ಸೆಯ ವಿಚಾರ ಬಂದರೆ ಎಂ.ಆರ್.ಐ. ಬೇಕಾದೀತು, ಆಗಲೂ ಹೆಚ್ಚಿನವರಿಗೆ ಕಾಂಟ್ರಾಸ್ಟ್ ಇಲ್ಲದೆಯೇ ಸಾಕು.

ಕಾಂಟ್ರಾಸ್ಟ್ ಬೇಕಾಗುವುದು ಮುಖ್ಯವಾಗಿ ಸಂಧಿವಾತದವರಿಗೆ, ಕೀಲಿನಲ್ಲಿ ಕೀವು ಅಥವಾ ಗಡ್ಡೆಯ ಸಂಶಯವಿರುವವರಿಗೆ. ಎಲ್ಲಕ್ಕಿಂತ ಮಿಗಿಲಾಗಿ ಸಂಧಿವಾತವಿರುವ ಮಕ್ಕಳಿಗೆ. ಹದಿನಾರು ವರ್ಷದೊಳಗಿನ ಮಗುವಿನ ಕೀಲು ಬೇರೆ ಕಾರಣವಿಲ್ಲದೆ ಆರು ವಾರಗಳಿಗೂ ಮೀರಿ ಊದಿಕೊಂಡಿದ್ದರೆ ಮಕ್ಕಳ ಸಂಧಿವಾತವನ್ನು ಶಂಕಿಸಬೇಕು. ಈ ರೋಗವು ದವಡೆಯ ಕೀಲನ್ನು ಹೊಕ್ಕಾಗ ಅನೇಕ ವೇಳೆ ನೋವೇ ಇರುವುದಿಲ್ಲ. ಆದರೆ ಕೆಳದವಡೆಯು ಬೆಳೆಯುವ ಮುಖ್ಯ ಜಾಗವು ಆ ಕೀಲಿನ ಮೇಲ್ಮೈಯಲ್ಲಿಯೇ ಇದೆ. ಅಲ್ಲಿ ಉರಿಯೂತ ನಿಂತರೆ ದವಡೆ ಬೆಳೆಯದೆ ಗದ್ದ ಹಿಂದಕ್ಕೆ ಸರಿಯುತ್ತದೆ ಅಥವಾ ಒಂದು ಬದಿಗೆ ವಾಲುತ್ತದೆ.

ನಮ್ಮಿಂದಾದ ವಿಳಂಬ

ಇದನ್ನು ನಾವು ಪುಸ್ತಕದಿಂದ ಮಾತ್ರ ಕಲಿತವರಲ್ಲ. ಘಟ್ಟದ ಮೇಲಿನಿಂದ ನೌಕರಿಯ ನಿಮಿತ್ತ ಹೊನ್ನಾವರಕ್ಕೆ ಬಂದು ನೆಲೆಸಿದ ಲಿಂಗಾಯತ ಕುಟುಂಬವೊಂದರ ಹತ್ತು ವರ್ಷದ ಬಾಲಕಿಯನ್ನು ಅವಳ ಅಜ್ಜಿ ನಮ್ಮಲ್ಲಿಗೆ ಕರೆತಂದಿದ್ದರು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿದರೆ ಮಾತ್ರ ತಿನ್ನುತ್ತಾಳೆ, ಬಾಯಿ ತೆರೆದರೆ ಗದ್ದ ಎಡಕ್ಕೆ ಹೊರಳುತ್ತದೆ ಎಂಬುದು ಅವರ ದೂರು. ನಾವು ಅದನ್ನು ಹನುಗ್ರಹವೆಂದು ನಿರ್ಣಯಿಸಿ ಅಭ್ಯಂಗ, ಸ್ವೇದನಗಳನ್ನು ಆರಂಭಿಸಿದೆವು. ಸ್ವಲ್ಪ ಹಗುರವೆನಿಸಿತು. ಆ ಹಗುರವೇ ನಮ್ಮನ್ನು ಮೋಸಗೊಳಿಸಿತು. ನಾಲ್ಕು ತಿಂಗಳು ಕಳೆದವು.

ಒಂದು ದಿನ ಅಜ್ಜಿ ಬೇರಾವುದೋ ಮಾತಿನ ನಡುವೆ ಹಿಂದಿನ ವರ್ಷ ಶಾಲೆಯಲ್ಲಿ ತೆಗೆದ ಭಾವಚಿತ್ರವನ್ನು ತೋರಿಸಿದರು. ಚಿತ್ರದಲ್ಲಿ ನೆಟ್ಟಗಿದ್ದ ಗದ್ದ ನಮ್ಮೆದುರು ಕುಳಿತ ಮಗುವಿನಲ್ಲಿ ನೆಟ್ಟಗಿರಲಿಲ್ಲ. ಆಗ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದೆವು: ಬೇರೆ ಕೀಲು ಎಂದಾದರೂ ಊದಿತ್ತೆ? ಮೊಣಕಾಲು ವರ್ಷದಿಂದ ಊದುತ್ತ ಇಳಿಯುತ್ತ ಇತ್ತು, ಆಡುವಾಗ ಬಿದ್ದದ್ದೆಂದು ಎಲ್ಲರೂ ತಿಳಿದಿದ್ದರು. ಈ ಪ್ರಶ್ನೆಯನ್ನು ಮೊದಲ ದಿನವೇ ಕೇಳದಿದ್ದುದು ನಮ್ಮ ತಪ್ಪು. ಅಂದೇ ಪತ್ರ ಬರೆದು ಮಣಿಪಾಲಕ್ಕೆ ಕಳುಹಿಸಿದೆವು. ಕಾಂಟ್ರಾಸ್ಟ್ ಸಹಿತ ಎಂ.ಆರ್.ಐ.ಯಲ್ಲಿ ಎರಡೂ ಕಡೆಯ ಕೀಲುಪೊರೆಗಳು ದಪ್ಪಗೆ ಹೊಳೆದವು. ನೋವು ಹೇಳುತ್ತಿದ್ದುದು ಒಂದೇ ಕಡೆ. ರೋಗವಿದ್ದುದು ಎರಡೂ ಕಡೆ.

ಸಂಧಿವಾತ ತಜ್ಞರು ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಆರಂಭಿಸಿದರು. ಈ ರೋಗವು ಸದ್ದಿಲ್ಲದೆ ಕಣ್ಣನ್ನೂ ಕೆಡಿಸಬಲ್ಲುದಾದ ಕಾರಣ ಕಣ್ಣಿನ ಪರೀಕ್ಷೆಯನ್ನೂ ನಿಯತವಾಗಿ ಮಾಡಿಸಿದರು. ಈಗ ಆ ಬಾಲಕಿ ರೊಟ್ಟಿಯನ್ನು ಮುರಿದು ತಿನ್ನುತ್ತಾಳೆ. ಗದ್ದದ ವಾಲು ಪೂರ್ಣವಾಗಿ ಹೋಗಿಲ್ಲ. ದಂತತಜ್ಞರು ಅದಕ್ಕೆ ಸಾಧನವನ್ನು ಹಾಕಿದ್ದಾರೆ. ಆ ನಾಲ್ಕು ತಿಂಗಳು ನಮ್ಮ ಲೆಕ್ಕದಲ್ಲಿ ಇನ್ನೂ ಉಳಿದಿವೆ.

ಇಷ್ಟಲಿಂಗ ಮತ್ತು ಅಯಸ್ಕಾಂತ

ಸ್ಕ್ಯಾನಿನ ದಿನವು ಗೊತ್ತಾದ ಮೇಲೆ ಅಜ್ಜಿಯ ಚಿಂತೆ ಬೇರೆಯದಾಗಿತ್ತು. ‘ಮೈಮ್ಯಾಲಿನ ಲಿಂಗ ತೆಗದಿಡ್ರಿ ಅಂತಾರಂತ್ರೀ ಡಾಕ್ಟ್ರ, ಹೆಂಗ ತೆಗಿಯೂದ್ರೀ?’ ಎಂದು ಕಣ್ಣೀರು ತಂದರು. ಲಿಂಗವನ್ನು ಅಂಗದಿಂದ ಅಗಲಿಸಬಾರದೆಂಬ ನಿಷ್ಠೆಯಲ್ಲಿ ಬೆಳೆದ ಜೀವ ಅದು. ಅದನ್ನು ಮೂಢತನವೆಂದು ತಳ್ಳಿಹಾಕುವ ವೈದ್ಯನು ರೋಗಿಯನ್ನೂ ಕಳೆದುಕೊಳ್ಳುತ್ತಾನೆ. ಹಾಗೆಂದು ಯಂತ್ರದ ನಿಯಮವನ್ನು ಸಡಿಲಿಸಲೂ ಬಾರದು.

ನಿಯಮದ ಕಾರಣವನ್ನು ತಿಳಿಯೋಣ. 1.5 ಟೆಸ್ಲಾ ಬಲದ ಯಂತ್ರವು ಭೂಮಿಯ ಅಯಸ್ಕಾಂತಕ್ಕಿಂತ ಸುಮಾರು 30 ಸಾವಿರ ಪಟ್ಟು ಬಲವುಳ್ಳದ್ದು. ಚಿತ್ರ ತೆಗೆಯದಿರುವಾಗಲೂ ಆ ಬಲ ಇದ್ದೇ ಇರುತ್ತದೆ. 2018ರ ಜನವರಿಯಲ್ಲಿ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಆಮ್ಲಜನಕದ ಸಿಲಿಂಡರ್ ಹಿಡಿದು ಆ ಕೋಣೆಯನ್ನು ಹೊಕ್ಕ ವ್ಯಕ್ತಿಯು ಯಂತ್ರದತ್ತ ಸೆಳೆಯಲ್ಪಟ್ಟು ಪ್ರಾಣ ಕಳೆದುಕೊಂಡರು. ಬೆಳ್ಳಿಯ ಕರಡಿಗೆಯನ್ನು ಅಯಸ್ಕಾಂತ ಸೆಳೆಯದು ನಿಜ. ಆದರೆ ಅದರ ಕೊಂಡಿ, ತಂತಿಗಳಲ್ಲಿ ಕಬ್ಬಿಣವಿರಬಹುದು. ಯಾವ ಲೋಹವೇ ಆಗಲಿ ಬಿಸಿಯೇರಬಹುದು. ಹತ್ತಿರದ ಚಿತ್ರವನ್ನು ಕೆಡಿಸಲೂಬಹುದು. ತಾಳಿ, ಮೂಗುಬೊಟ್ಟು, ಕಾಲುಂಗುರ, ಉಡಿದಾರ, ತಾಯಿತ, ಕೂದಲಿನ ಪಿನ್ನು, ಶಿರವಸ್ತ್ರದ ಪಿನ್ನು ಎಲ್ಲಕ್ಕೂ ಇದೇ ನಿಯಮ.

ನಾವು ಪರಿಚಿತ ಹಿರಿಯ ಸ್ವಾಮಿಗಳೊಬ್ಬರಲ್ಲಿ ಈ ವಿಷಯವನ್ನು ನಿವೇದಿಸಿದೆವು. ಲಿಂಗಪೂಜೆ ನಡೆಯುವುದೇ ಅಂಗೈಯಲ್ಲಿ. ಪರೀಕ್ಷೆ ಮುಗಿಯುವತನಕ ಅಜ್ಜಿಯೇ ಮಗುವಿನ ಲಿಂಗವನ್ನು ಅಂಗೈಯಲ್ಲಿರಿಸಿಕೊಂಡು ಜಪಿಸಲಿ, ಮರಳಿ ಬಂದ ಮೇಲೆ ಪೂಜಿಸಿ ಧರಿಸಲಿ ಎಂದು ಅವರು ಅಪ್ಪಣೆ ಕೊಡಿಸಿದರು. ಅಜ್ಜಿ ಹಾಗೆಯೇ ಮಾಡಿದರು. ಸಂದೇಹವಿರುವ ಸದ್ಭಕ್ತರು ಸ್ಕ್ಯಾನಿನ ಹಿಂದಿನ ದಿನವೇ ತಮ್ಮ ಗುರುಗಳಲ್ಲಿ ಕೇಳಿಕೊಳ್ಳುವುದು ಒಳಿತು. ಬಾಗಿಲಲ್ಲಿ ನಿಂತಾಗ ಗಲಿಬಿಲಿಯಾಗುವುದೂ, ನಾಚಿಕೆಯಿಂದ ಲೋಹವನ್ನು ಮುಚ್ಚಿಟ್ಟುಕೊಂಡು ಒಳಗೆ ಹೋಗುವುದೂ ಸಲ್ಲದು.

ಸೂಜಿಮದ್ದಿನ ಸುರಕ್ಷೆ

ಗ್ಯಾಡೋಲಿನಿಯಂ ಬಿಡಿಯಾಗಿ ವಿಷ. ಬೇರೊಂದು ಅಣುವಿನಿಂದ ಅದನ್ನು ಬಿಗಿಯಾಗಿ ಬಂಧಿಸಿದಾಗ ಮಾತ್ರ ದೇಹಕ್ಕೆ ಕೊಡಲು ಯೋಗ್ಯವಾಗುತ್ತದೆ. ಸಂಸ್ಕಾರವಿಲ್ಲದ ಲೋಹವನ್ನು ಔಷಧವಾಗಿ ಕೊಡಬಾರದೆಂಬ ರಸಶಾಸ್ತ್ರದ ಎಚ್ಚರವನ್ನು ಬಲ್ಲವರಿಗೆ ಈ ಮಾತು ಹೊಸದಲ್ಲ. ಇದರ ಮೊದಲ ಮದ್ದು 1988ರಲ್ಲಿ ಬಳಕೆಗೆ ಬಂದಿತು. ದೇಹತೂಕಕ್ಕೆ ತಕ್ಕಂತೆ ಅಳತೆಮಾಡಿ ಕೊಟ್ಟ ಮದ್ದು ಬಹುಪಾಲು ಒಂದು ದಿನದೊಳಗೆ ಮೂತ್ರದಲ್ಲಿ ಹೊರಹೋಗುತ್ತದೆ. ಆದುದರಿಂದಲೇ ಮೂತ್ರಪಿಂಡ ಚೆನ್ನಾಗಿರಬೇಕು. ಮೂತ್ರಪಿಂಡವು ತೀರ ಕುಂದಿದವರಲ್ಲಿ ಹಳೆಯ ಬಗೆಯ ಕೆಲವು ಮದ್ದುಗಳಿಂದ ಚರ್ಮ ಗಟ್ಟಿಯಾಗಿ ಕೀಲುಗಳು ಬಿಗಿಯುವ ಗಂಭೀರ ರೋಗ ಬರುತ್ತದೆಂಬುದು 2006ರಲ್ಲಿ ಬೆಳಕಿಗೆ ಬಂದಿತು. ಪದೇ ಪದೇ ಕೊಟ್ಟಾಗ ಮಿದುಳಿನಲ್ಲಿ ಲೇಶ ಉಳಿಯುತ್ತದೆಂಬುದೂ ಅನಂತರ ತಿಳಿಯಿತು. ಅದರಿಂದ ಹಾನಿಯಾದುದು ಸಿದ್ಧವಾಗಿಲ್ಲವಾದರೂ 2017ರಲ್ಲಿ ಯುರೋಪಿನ ಔಷಧ ಸಂಸ್ಥೆಯು ಸಡಿಲ ಬಂಧದ ಹಲವು ಮದ್ದುಗಳನ್ನು ತಡೆಹಿಡಿಯಿತು. ಈಗ ಉಂಗುರದಂತೆ ಸುತ್ತುವರಿದು ಲೋಹವನ್ನು ಬಿಗಿಹಿಡಿಯುವ ಮದ್ದುಗಳಿಗೆ ವೈದ್ಯರು ಪ್ರಾಶಸ್ತ್ಯ ಕೊಡುತ್ತಾರೆ. ‘ಯಾವ ಬಗೆಯದನ್ನು ಕೊಡುತ್ತೀರಿ?’ ಎಂದು ವಿನಯದಿಂದ ಕೇಳುವುದರಲ್ಲಿ ತಪ್ಪಿಲ್ಲ.

ಮೀನು, ಸಿಗಡಿ ಒಗ್ಗದವರಿಗೆ ಈ ಮದ್ದು ಆಗದೆಂಬ ನಂಬಿಕೆ ಕರಾವಳಿಯಲ್ಲಿದೆ. ಅಯೋಡಿನ್ ಇರುವುದು ಸಿ.ಟಿ. ಸ್ಕ್ಯಾನಿನ ಮದ್ದಿನಲ್ಲಿ, ಇದರಲ್ಲಿ ಅಯೋಡಿನ್ ಇಲ್ಲ. ಮೀನಿನ ಅಲರ್ಜಿಗೂ ಅಯೋಡಿನ್ನಿಗೂ ನೇರ ಸಂಬಂಧವೂ ಇಲ್ಲ. ಆದರೆ ಹಿಂದೆ ಯಾವುದೇ ಕಾಂಟ್ರಾಸ್ಟ್ ಮದ್ದಿನಿಂದ ಮೈ ದದ್ದೆದ್ದಿದ್ದರೆ, ಉಬ್ಬಸವಿದ್ದರೆ ಮೊದಲೇ ಹೇಳಬೇಕು. ಗರ್ಭಿಣಿಯರಿಗೆ ಈ ಮದ್ದನ್ನು ಅನಿವಾರ್ಯವಾದ ಹೊರತು ಕೊಡುವುದಿಲ್ಲ.

ಹೊರಡುವ ಮುನ್ನ

ನೂರು ಕಿಲೋಮೀಟರ್ ಹೋಗಿ ಬರಿಗೈಯಲ್ಲಿ ಮರಳುವಂತಾಗಬಾರದು. ಈಚಿನ ಕ್ರಿಯಾಟಿನಿನ್ ರಕ್ತಪರೀಕ್ಷೆಯ ವರದಿ, ಹಳೆಯ ಕ್ಷ-ಕಿರಣ ಚಿತ್ರಗಳು, ಸೇವಿಸುತ್ತಿರುವ ಎಲ್ಲ ಔಷಧಗಳ ಪಟ್ಟಿ, ಆಯುಷ್ಮಾನ್ ಕಾರ್ಡ್ ಇದ್ದರೆ ಅದು ಇವುಗಳನ್ನು ಒಯ್ಯಿರಿ. ಪಟ್ಟಿಯಲ್ಲಿ ಭಸ್ಮ, ರಸೌಷಧಗಳನ್ನೂ ಸೇರಿಸಿರಿ. ನಾವು ಕೊಟ್ಟದ್ದಾಗಿದ್ದರೂ ಮುಚ್ಚಿಡಬೇಡಿರಿ. ಎದೆಯಲ್ಲಿ ಪೇಸ್‌ಮೇಕರ್, ತಲೆಯಲ್ಲಿ ಕ್ಲಿಪ್, ಕಿವಿಯೊಳಗೆ ಶ್ರವಣಯಂತ್ರ, ಕಣ್ಣಿನಲ್ಲಿ ಲೋಹದ ಚೂರು ಇದ್ದರೆ ದಿನ ಗೊತ್ತುಮಾಡುವಾಗಲೇ ತಿಳಿಸಿರಿ. ಹಲ್ಲಿಗೆ ತಂತಿ ಹಾಕಿಸಿದ್ದರೆ ಅದೂ ಚಿತ್ರವನ್ನು ಕೆಡಿಸಬಹುದು. ಯಂತ್ರದೊಳಗೆ ಡೋಲು ಬಡಿದಂಥ ಸದ್ದಾಗುತ್ತದೆ. ಕಿವಿಗೆ ಹತ್ತಿ ಅಥವಾ ಮುಚ್ಚಳ ಕೊಡುತ್ತಾರೆ. ಮಕ್ಕಳಿಗೆ ಇದನ್ನು ಮನೆಯಲ್ಲಿಯೇ ಹೇಳಿ, ಅಲುಗಾಡದೆ ಮಲಗುವುದನ್ನು ಆಟದಂತೆ ಅಭ್ಯಾಸ ಮಾಡಿಸಿದರೆ ಮಂಪರುಮದ್ದು ತಪ್ಪಬಹುದು. ವರದಿ ಬಂದ ಮೇಲೆ ಅದನ್ನು ಓದಿ ತಾವೇ ತೀರ್ಮಾನಿಸಬಾರದು. ಆರೋಗ್ಯವಂತ ಮಕ್ಕಳ ಕೀಲುಪೊರೆಯೂ ತುಸು ಹೊಳೆಯುವುದುಂಟು. ಮಗುವನ್ನು ಮುಟ್ಟಿ ಪರೀಕ್ಷಿಸಿದ ತಜ್ಞರೇ ಅದರ ಅರ್ಥವನ್ನು ಹೇಳಬೇಕು.

ಹನ್ನೆರಡನೆಯ ಶತಮಾನದ ಶರಣರ ಬಳಗದಲ್ಲಿ ವೈದ್ಯ ಸಂಗಣ್ಣನೂ ಒಬ್ಬನಾಗಿದ್ದನು. ವೈದ್ಯವನ್ನೇ ಕಾಯಕವಾಗಿ ಕೈಕೊಂಡು, ಅದರ ಮಾತುಗಳಲ್ಲಿಯೇ ಅರಿವನ್ನು ಹೇಳಿದವನು ಆತ. ಕಾಯಕವೆಂದ ಮೇಲೆ ಅಲ್ಲಿ ನನ್ನ ಪದ್ಧತಿ, ನಿನ್ನ ಪದ್ಧತಿ ಎಂಬ ಹಟಕ್ಕೆ ಎಡೆಯಿಲ್ಲ. ಎದುರಿಗಿರುವ ಜೀವಕ್ಕೆ ಯಾವುದು ಒಳಿತೋ ಅದನ್ನು ಮಾಡುವುದಷ್ಟೆ. ಎಣ್ಣೆಯಿಂದ ಆಗುವುದನ್ನು ಎಣ್ಣೆಯಿಂದ ಮಾಡೋಣ. ಆಗದಿರುವುದನ್ನು ಬೇಗನೆ ಗುರುತಿಸಿ ದಾರಿ ತೋರಿಸೋಣ. ಮನೆಯ ಹಿರಿಯರಲ್ಲಿ ನಮ್ಮ ಪ್ರಾರ್ಥನೆ ಒಂದೇ: ಮಗುವೊಂದು ಗಟ್ಟಿ ತಿನಿಸನ್ನು ಬಿಟ್ಟಿದ್ದರೆ, ಬಾಯಿ ತೆರೆದಾಗ ಗದ್ದ ಓರೆಯಾದರೆ, ಅದರ ಹಳೆಯ ಭಾವಚಿತ್ರವನ್ನು ತೆಗೆದು ಒಮ್ಮೆ ಹೋಲಿಸಿ ನೋಡಿರಿ.